ಮೈಂಡ್ ಅಂದರೆ

ಕಾಲರು ಮುಗಿಸಿ ಎಡತೋಳಿಗೆ ಬಂದಿದ್ದೆ. ಹೊಲಿಗೆಯ ಮೇಲೆ ಹೊಲಿಗೆ ಕೂರುವಂತೆ ತೋಳನ್ನು ಮಡಚಿ, ಬೆರಳಲ್ಲಿ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿದ್ದೆ ಅಷ್ಟೆ, ಮಗಳು ಒಳಗಿನಿಂದ ಕೂಗಿದಳು.

“ಅಮ್ಮಾ, ಹೋಮ್‌ವರ್ಕ್ ಆಯ್ತಾ?”

ಅರವತ್ತಾರು ವರ್ಷದ ಹೆಂಗಸಿಗೆ ಕೇಳುವ ಪ್ರಶ್ನೆಯೇ ಇದು! ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಇದೇ ರಾಗದಲ್ಲಿ ಕೇಳುತ್ತಿದ್ದೆ. ಆ ಸೇಡನ್ನು ಈಗ ದಿನಾ ಮಧ್ಯಾಹ್ನ ತೀರಿಸಿಕೊಳ್ಳುತ್ತಾಳೆ.

“ನಿನ್ನ ಕೋಟು ಮುಗೀಲಿ ತಾಳೇ. ಸುಕ್ಕು ಕೋಟು ಹಾಕ್ಕೊಂಡು ನಿಂತ್ರೆ ಔಷಧಿನೂ ಹಳೇದು ಅನ್ಕೋತಾರೆ ಜನ.”

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಧ್ಯಾಹ್ನದ ಪಾಳಿ. ದಿನಕ್ಕೊಂದು ಬಿಳಿ ಕೋಟು. ಅದನ್ನು ಇಸ್ತ್ರಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ, ಮೂವತ್ತು ವರ್ಷ ಅದನ್ನೇ ಮಾಡಿದವಳು ನಾನು.

ಕೂದಲು ಒರೆಸಿಕೊಳ್ಳುತ್ತಾ ಬಂದವಳು ಮೇಜಿನ ಮೇಲಿದ್ದ ನನ್ನ ನೋಟ್‌ಬುಕ್ ತೆರೆದಳು. ಐದು ಇಂಗ್ಲಿಷ್ ಪದ, ಒಂದೊಂದಕ್ಕೆ ಒಂದು ವಾಕ್ಯ ಬರೆಯಬೇಕು ಎಂದು ರಾತ್ರಿಶಾಲೆಯ ಟೀಚರು ಹೇಳಿದ್ದರು. ನಾಲ್ಕು ಬರೆದಿದ್ದೆ. ಐದನೆಯ ಪದದ ಮುಂದೆ ಗೆರೆ ಖಾಲಿ ಇತ್ತು.

“ಮೈಂಡ್! ಇಷ್ಟು ಸುಲಭದ್ದನ್ನ ಬಿಟ್ಟಿದೀಯಲ್ಲ.”

“ಆ ಪದ ನಂಗೆ ಬರಲ್ಲ.”

“ಬರಲ್ಲ ಅಂದ್ರೆ? ಮೈಂಡ್ ಅಂದ್ರೆ ಮನಸ್ಸು. ‘ನನ್ನ ಮೈಂಡ್ ಚೆನ್ನಾಗಿದೆ’ ಅಂತ ಬರಿ. ಸುಳ್ಳಾದ್ರೂ ಪರವಾಗಿಲ್ಲ, ವ್ಯಾಕರಣ ಸರಿ ಇದ್ರೆ ಸಾಕು.”

“ನಿನ್ನ ತಲೆ. ಕೋಟು ತಗೊ, ಬಸ್ಸು ಹೋಗುತ್ತೆ.”

ಕೋಟು ತೊಟ್ಟು, ಬಟನ್ನು ಹಾಕಿಕೊಳ್ಳುತ್ತಾ ಅವಳು ಮಾತು ಬದಲಿಸಿದಳು. ಬದಲಿಸಿದ ಹಾಗೆ ಮಾಡಿದಳು ಎಂದರೆ ಸರಿ. ಅವಳಿಗೆ ಹೇಳಬೇಕಾಗಿದ್ದದ್ದು ಇದೇ.

“ಔಷಧಿ ವ್ಯಾನಿನ ಡ್ರೈವರ್ ನಿನ್ನೆ ಬಂದಿದ್ರು. ಅತ್ತೆ ಇರೋ ಮನೆಯ ಡಾಕ್ಟರಮ್ಮ ಕ್ಲಿನಿಕ್ ಮುಚ್ತಾರಂತೆ ಅಮ್ಮ. ಮುಂದಿನ ತಿಂಗಳು ಮಗನ ಊರಿಗೆ ಹೋಗ್ತಾರಂತೆ, ಮನೆ ಖಾಲಿ ಮಾಡಿ.”

ನಾನು ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಿದ್ದೆ. ಕೈ ನಿಂತಿತು.

“ಅತ್ತೆನ ಏನು ಮಾಡ್ತಾರೋ, ಜೊತೆಗೆ ಕರ್ಕೊಂಡು ಹೋಗ್ತಾರೋ ಡ್ರೈವರಿಗೂ ಗೊತ್ತಿಲ್ಲ. ಮಂಡಿ ನೋವಂತೆ, ಆದ್ರೂ ಗೇಟಲ್ಲಿ ಕೂತು ‘ಬೂಟು ಒರೆಸ್ಕೊಂಡು ಬಾರಪ್ಪಾ’ ಅಂತ ಡ್ರೈವರನ್ನ ಗದರ್ತಾರಂತೆ. ಅಮ್ಮಾ, ಒಂದು ಕಾಗದ ಬರಿಯಮ್ಮ. ಆ ವಿಳಾಸ ಹೋದ್ರೆ ಆಮೇಲೆ ಎಲ್ಲಿ ಅಂತ ಹುಡುಕ್ತೀಯಾ? ಅಂಥಾ ದೊಡ್ಡ ಜಗಳ ಏನಾಗಿತ್ತು ನಿಮ್ಮಿಬ್ಬರ ಮಧ್ಯೆ?”

“ಜಗಳ ಆಗಿರ್ಲಿಲ್ಲ.”

“ಮತ್ತೆ?”

“ಬಸ್ಸು” ಅಂದೆ.

ಅವಳು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೋದಳು.

ಅವಳು ಅತ್ತೆ ಎನ್ನುವವರು ನನಗೆ ಅತ್ತಿಗೆ. ನನ್ನ ಅಣ್ಣನ ಹೆಂಡತಿ. ಅಣ್ಣನೂ ನನ್ನ ಯಜಮಾನರೂ ಎರಡು ವರ್ಷದ ಅಂತರದಲ್ಲಿ ತೀರಿಕೊಂಡ ಮೇಲೆ ನಾವಿಬ್ಬರೂ ಇದೇ ಎರಡು ಕೋಣೆಯಲ್ಲಿ ಒಟ್ಟಿಗಿದ್ದೆವು. ಕಿಟಕಿ ಪಕ್ಕದ ಮಂಚ ಅವರದು. ಒಳಗಿನದು ನನ್ನದೂ ಮಗಳದೂ. ಅತ್ತಿಗೆಗೆ ಮಕ್ಕಳಿಲ್ಲ, ನನ್ನ ಮಗಳೇ ಅವರಿಗೆ ಮಗಳು. ನನಗೆ ಕೆಲಸ ಕೊಡಿಸಿದವರೂ ಅವರೇ.

ಅದು ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗ. ನೆಲಮಾಳಿಗೆಯಲ್ಲಿ ಸಾಲಾಗಿ ಆರು ಇಸ್ತ್ರಿ ಟೇಬಲ್ಲು. ಹಬೆಯಲ್ಲಿ ಎದುರಿಗಿದ್ದವರ ಮುಖವೂ ಮಸುಕು. ಮೂರನೇ ಟೇಬಲ್ಲು ಅತ್ತಿಗೆಯದು, ನಾಲ್ಕನೆಯದು ನನ್ನದು. ಪ್ರತಿ ಟೇಬಲ್ಲಿನ ಪಕ್ಕ ಒಂದು ಸ್ಟ್ಯಾಂಡು. ಇಸ್ತ್ರಿಯಾದ ಬಟ್ಟೆಯನ್ನು ಅವರವರು ಅವರವರ ಸ್ಟ್ಯಾಂಡಿಗೆ ನೇತುಹಾಕಬೇಕು. ತಪ್ಪಿದ್ದರೆ ಯಾರದೆಂದು ಗೊತ್ತಾಗಲಿ ಎಂದು ಆ ಏರ್ಪಾಡು.

ಅತ್ತಿಗೆಯ ಬಾಯಲ್ಲಿ ಒಂದು ಮಾತಿತ್ತು. ಹಾಲು ಉಕ್ಕಿದರೆ, “ಹೋಗ್ಲಿ ಬಿಡು.” ಬಸ್ಸು ತಪ್ಪಿದರೆ, “ಹೋಗ್ಲಿ ಬಿಡು, ಇನ್ನೊಂದು ಬರಲ್ವಾ?” ನಾನು ಅವರ ಹೊಸ ಛತ್ರಿಯನ್ನು ಬಸ್ಸಿನಲ್ಲೇ ಮರೆತು ಬಂದು ಅಳುಮುಖ ಮಾಡಿಕೊಂಡು ನಿಂತಾಗಲೂ, “ಹೋಗ್ಲಿ ಬಿಡು ಗುಬ್ಬಿ, ಛತ್ರಿಗೂ ಊರು ನೋಡೋ ಆಸೆ ಇರಲ್ವಾ?” ಗುಬ್ಬಿ ಎಂದರೆ ನಾನು. ಮೈ ಹಾಗಿಲ್ಲ ಈಗ, ಆದರೂ ಹೆಸರು ಅದೇ. ಅಣ್ಣ ಬದುಕಿದ್ದಾಗ ಛೇಡಿಸುತ್ತಿದ್ದ, “ನಾನು ಸತ್ರೂ ಇವಳು ಹೋಗ್ಲಿ ಬಿಡು ಅಂತಾಳೆ ನೋಡ್ತಿರು.” ಅವನು ಸತ್ತಾಗ ಅವರು ಅನ್ನಲಿಲ್ಲ. ಅದು ಬಿಟ್ಟರೆ, ಅವರು ಆ ಮಾತನ್ನು ಅನ್ನದೆ ಇದ್ದದ್ದು ಇನ್ನೊಂದೇ ಸಲ.

ಆ ದಿನ ನನ್ನ ಟೇಬಲ್ಲಿಗೆ ಹೋಟೆಲಿನ ಅತಿಥಿಯೊಬ್ಬರ ಕೋಟು ಬಂದಿತ್ತು. ಕೆನೆಬಣ್ಣದ ರೇಷ್ಮೆ. ನಾನು ಬೆನ್ನಿನ ಭಾಗ ಇಸ್ತ್ರಿ ಮಾಡುತ್ತಿದ್ದಾಗ ಯಾರೋ ಬಂದು, ಪಕ್ಕದ ಮನೆಯವರ ಫೋನು, ಮಗುವಿಗೆ ಜ್ವರ ಏರಿದೆಯಂತೆ ಎಂದರು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದೆನೋ, ಮಲಗಿಸಿದೆನೋ ನೆನಪಿಲ್ಲದೆ ಓಡಿದೆ. ಮಾತಾಡಿ ಬಂದಾಗ ವಾಸನೆ. ಎತ್ತಿ ನೋಡಿದರೆ ಕೋಟಿನ ಬೆನ್ನ ಮೇಲೆ ಕಂದು ಬಣ್ಣದ ದೋಣಿಯ ಗುರುತು.

ಮುಂದಿನದನ್ನು ಬರೆಯುವಾಗ ಈಗಲೂ ಕೈ ಸರಾಗವಾಗಿ ಹೋಗುವುದಿಲ್ಲ. ಅತ್ತಿಗೆ ನೀರು ಕುಡಿಯಲು ಹೋಗಿದ್ದರು. ನಾನು ಆ ಕೋಟನ್ನು ಅವರ ಸ್ಟ್ಯಾಂಡಿಗೆ ನೇತುಹಾಕಿದೆ.

ಸೂಪರ್‌ವೈಸರು ಬಂದು ಕೋಟು ಹಿಡಿದು, “ಮೂರನೇ ಟೇಬಲ್ ಯಾರದು?” ಎಂದು ಕೂಗಿದರು. ಅತ್ತಿಗೆ ಕೋಟು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ದಿಂಬಿನ ಕವರೊಂದನ್ನು ಮಡಚುತ್ತಿದ್ದೆ, ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದೆ.

“ನಂದೇ” ಎಂದರು ಅತ್ತಿಗೆ.

ಅಂದೇ ಅವರನ್ನು ಕೆಲಸದಿಂದ ತೆಗೆದರು. ಒಂದು ವಾರ ಬೇರೆ ಕೆಲಸ ಹುಡುಕಿ ಊರೆಲ್ಲ ಸುತ್ತಿದರು, ಸುದ್ದಿ ಅವರಿಗಿಂತ ಮುಂಚೆ ಓಡಾಡಿತ್ತು. ಎಂಟನೇ ದಿನ, ಒಂದು ಇಡೀ ಹಗಲು ಬಸ್ಸಿನಲ್ಲಿ ಕೂತರೆ ಸಿಗುವ ಊರಿನಲ್ಲಿ ಡಾಕ್ಟರಮ್ಮನೊಬ್ಬರ ಮನೆಯ ಕೆಲಸಕ್ಕೆಂದು ಹೊರಟರು. ಆ ವಾರವಿಡೀ ಅವರು ನನ್ನನ್ನು ಬೈಯಲಿಲ್ಲ, ಕೇಳಲೂ ಇಲ್ಲ. ನನ್ನ ಮಗಳಿಗೆ ತಲೆ ಬಾಚಿದರು, ಔಷಧಿ ಕುಡಿಸಿದರು. ಹೋಗ್ಲಿ ಬಿಡು ಎಂದು ಮಾತ್ರ ಅನ್ನಲಿಲ್ಲ. ನಾನು ಕಾದೆ. ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತು ಆ ಒಂದು ಮಾತಿಗೆ ಕಾದೆ.

ಮೂರು ತಿಂಗಳಾದ ಮೇಲೆ ತಡೆಯಲಾರದೆ ಹೋಟೆಲಿನ ಗುಮಾಸ್ತರ ಹತ್ತಿರ ಹೋದೆ. ಚಾದರ, ಟವೆಲು ಎಣಿಸಿ ಬರೆದುಕೊಳ್ಳುವುದು ಅವರ ಕೆಲಸ. ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ನಿಘಂಟು ಇರುತ್ತಿದ್ದರಿಂದ ಅವರಿಗೆ ಡಿಕ್ಷನರಿ ಎಂದೇ ಹೆಸರು. ನನಗೆ ಆಗ ಓದು ಬರಹ ಇಲ್ಲ, ಅತ್ತಿಗೆಗೂ ಇಲ್ಲ. ಅಲ್ಲಿ ಕಾಗದ ಓದಿ ಹೇಳಬೇಕಾದವರು ಡಾಕ್ಟರಮ್ಮ. ಅವರಿಗೆ ನಮ್ಮ ಅಕ್ಷರ ಗೊತ್ತಿಲ್ಲ, ಮಾತು ಅಷ್ಟೋ ಇಷ್ಟೋ. ಹಾಗಾಗಿ ಡಿಕ್ಷನರಿಯವರು ಇಂಗ್ಲಿಷಿನಲ್ಲೇ ಬರೆದರು. ತಪ್ಪು ನನ್ನದು, ಕ್ಷಮಿಸಿ. ಇಷ್ಟೇ ಬರೆಸಿದ್ದು. ಯಾವ ತಪ್ಪು ಎಂದು ಅವರೂ ಕೇಳಲಿಲ್ಲ.

ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ಅದರಲ್ಲಿ ಎರಡೇ ಸಾಲು. ಡಿಕ್ಷನರಿಯವರು ಕನ್ನಡಕ ಏರಿಸಿ ಓದಿದರು. “ಶೀ ಸೇಸ್ ನೆವರ್ ಮೈಂಡ್. ಶೀ ಈಸ್ ಮೈಂಡಿಂಗ್ ದ ಚಿಲ್ಡ್ರನ್.” ಆಮೇಲೆ ನಿಘಂಟು ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದರು. ನೆವರ್, ಎಂದಿಗೂ ಇಲ್ಲ. ಮೈಂಡ್, ಮನಸ್ಸು.

“ಎಂದಿಗೂ ಮನಸ್ಸಿಲ್ಲ ಅಂತಿದಾರಮ್ಮ” ಎಂದರು ಮೆಲ್ಲಗೆ. “ಅವರ ಮನಸ್ಸು ಈಗ ಆ ಮಕ್ಕಳ ಮೇಲಂತೆ.”

ಕಾರ್ಡನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ಬಂದೆ. ಸೂಜಿದಾರದ ಡಬ್ಬಿಯ ತಳದಲ್ಲಿ ಹಾಕಿದೆ. ಅದಕ್ಕೆ ಉತ್ತರ ಬರೆಸಲಿಲ್ಲ. ಎಂದಿಗೂ ಮನಸ್ಸಿಲ್ಲ ಎಂದವರಿಗೆ ಏನೆಂದು ಬರೆಸುವುದು? ಅದು ನ್ಯಾಯ ಎಂದೇ ಅನ್ನಿಸಿತು. ಹಾಗೆ ಇಪ್ಪತ್ತೆರಡು ವರ್ಷ ಆಯಿತು.

ಮಗಳಿಗೆ ಇದಾವುದೂ ಗೊತ್ತಿರಲಿಲ್ಲ. ಅತ್ತೆ ಮನಸ್ತಾಪ ಮಾಡಿಕೊಂಡು ಹೋದರು ಎಂದಷ್ಟೇ ಅವಳು ತಿಳಿದಿದ್ದಳು. ಆ ಊರಿಗೂ ಔಷಧಿ ಒಯ್ಯುವ ವ್ಯಾನಿನವರಿಂದ ಸುದ್ದಿ ಸಿಗಲು ಶುರುವಾದ ಮೇಲೆ, ನಾವು ಯಾರೆಂದು ಅವರಿಗೆ ಹೇಳಕೂಡದು ಎಂದು ಮಗಳಿಂದ ನನ್ನ ಮೇಲೆ ಆಣೆ ಹಾಕಿಸಿಕೊಂಡಿದ್ದೆ. ರಾತ್ರಿಶಾಲೆಗೆ ಸೇರಿ ಎರಡು ವರ್ಷವಾಗಿ, ಅಂಗಡಿಯ ಬೋರ್ಡು, ಔಷಧಿಯ ಚೀಟಿ, ಬಸ್ಸಿನ ಹಣೆಪಟ್ಟಿ ಎಲ್ಲವನ್ನೂ ಓದಲು ಕಲಿತಿದ್ದೆ. ಆ ಡಬ್ಬಿಯ ತಳಕ್ಕೆ ಮಾತ್ರ ಕೈ ಹಾಕಿರಲಿಲ್ಲ. ಗುಮಾಸ್ತರು ಓದಿದ್ದು ಕಿವಿಯಲ್ಲಿ ಕೇಳಿದ್ದು, ನಾನೇ ಓದಿದರೆ ಅದು ನಿಜವೇ ಆಗಿಬಿಡುತ್ತದೆ ಎಂಬ ಹೆದರಿಕೆ.

ಹೆಸರಿಗೆ ರಾತ್ರಿಶಾಲೆ, ಸಂಜೆ ಆರೂವರೆಗೆ ಶುರುವಾದರೆ ಎಂಟಕ್ಕೆ ಮುಗಿಯುತ್ತದೆ. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚುಗಳೇ ನಮಗೂ. ಮಂಡಿ ಎಲ್ಲಿಡುವುದು ಎಂಬುದೇ ಮೊದಲ ಪಾಠ. ಆ ಸಂಜೆ ಟೀಚರು ಹಾಜರಿ ಮುಗಿಸಿ ಬೋರ್ಡಿನ ಮೇಲೆ ಆ ಪದವನ್ನು ದೊಡ್ಡದಾಗಿ ಬರೆದರು. ನನ್ನ ಮಗಳಿಗಿಂತ ಚಿಕ್ಕವರು. ಚಾಕ್‌ಪುಡಿ ಯಾವಾಗಲೂ ಬಲಗೆನ್ನೆಯ ಮೇಲೆ.

“ಮೈಂಡ್. ಯಾರು ವಾಕ್ಯ ಬರೆದಿದೀರಾ?”

ಕಟಿಂಗ್ ಶಾಪಿನವರು ಎದ್ದರು. ನಮ್ಮ ಕ್ಲಾಸಿನಲ್ಲಿ ಹೆದರಿಕೆ ಎನ್ನುವುದು ಗೊತ್ತಿಲ್ಲದವರು ಅವರೊಬ್ಬರೇ. “ಐ ಮೈಂಡ್ ಮೈ ಶಾಪ್” ಎಂದು ಓದಿದರು. “ನನ್ನ ಮನಸ್ಸೆಲ್ಲಾ ಅಂಗಡಿ ಮೇಲೆ ಅಂತ ಟೀಚರ್. ತಪ್ಪಿದ್ರೆ ಕ್ಷಮಿಸಿ, ಮನಸ್ಸು ಅಲ್ಲೇ ಇತ್ತು.”

“ಸರಿಯಾಗಿದೆ!” ಎಂದರು ಟೀಚರು. “ಆದ್ರೆ ನೀವು ಹೇಳಿದ ಅರ್ಥ ಅಲ್ಲ. ಐ ಮೈಂಡ್ ಮೈ ಶಾಪ್ ಅಂದ್ರೆ ಅಂಗಡಿ ನೋಡ್ಕೋತೀನಿ ಅಂತ. ಮೈಂಡ್ ಅಂದ್ರೆ ಬರೀ ಮನಸ್ಸಲ್ಲ. ನೋಡ್ಕೊಳ್ಳೋದು, ಕಾಯೋದು, ಅದೂ ಮೈಂಡೇ. ತಾಯಿ ಕೆಲಸಕ್ಕೆ ಹೋದಾಗ ಮಗೂನ ಇನ್ಯಾರೋ ಮೈಂಡ್ ಮಾಡ್ತಾರೆ.”

ನನ್ನ ಪೆನ್ಸಿಲು ಕೈಯಲ್ಲೇ ನಿಂತಿತು. ಮೈಂಡಿಂಗ್ ದ ಚಿಲ್ಡ್ರನ್. ಹಾಗಾದರೆ ಅದು ಮನಸ್ಸಿನ ಮಾತಲ್ಲ. ಅದು ಅವರ ಕೆಲಸ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ ಎಂದಷ್ಟೇ ಆ ಎರಡನೇ ಸಾಲು.

ಟೀಚರು ಮುಂದೆ ಹೋಗಿದ್ದರು. “ಈಗ ಒಂದು ತಮಾಷೆ. ಬಸ್ಸಲ್ಲಿ ನಿಮ್ಮ ಪಕ್ಕ ಸೀಟು ಖಾಲಿ ಇದೆ. ನಾನು ಬಂದು ಕೇಳ್ತೀನಿ, ಡೂ ಯೂ ಮೈಂಡ್ ಇಫ್ ಐ ಸಿಟ್ ಹಿಯರ್? ನೀವೇನಂತೀರಿ?”

“ಯೆಸ್ ಯೆಸ್, ಕೂತ್ಕೊಳ್ಳಿ ಅಂತೀನಿ” ಎಂದರು ಆಸ್ಪತ್ರೆಯ ಲಿಫ್ಟಿನವರು, ತುಂಬಾ ಮರ್ಯಾದಸ್ಥರು.

“ಆಗ ನಾನು ಮುಖ ಊದಿಸ್ಕೊಂಡು ಹಿಂದೆ ಹೋಗ್ತೀನಿ. ಯಾಕಂದ್ರೆ ಕೇಳಿದ್ದು, ಕೂತ್ರೆ ನಿಮಗೆ ಬೇಜಾರಾ ಅಂತ. ಯೆಸ್ ಅಂದ್ರೆ ಹೌದು, ಬೇಜಾರು. ನೋ ಅಂದ್ರೆ ಕೂತ್ಕೊಳ್ಳಿ.”

“ಅಯ್ಯೋ ದೇವರೇ” ಎಂದರು ಲಿಫ್ಟಿನವರು. “ಕಳೆದ ವಾರ ಒಬ್ಬ ದೊಡ್ಡ ಡಾಕ್ಟರು ಲಿಫ್ಟಿಗೆ ಹತ್ತೋವಾಗ ಹೀಗೇ ಕೇಳಿದ್ರು. ಯೆಸ್ ಸರ್ ಯೆಸ್ ಸರ್ ಅಂತ ಎರಡೆರಡು ಸಲ ಅಂದೆ. ಅವರು ಮೆಟ್ಟಿಲು ಹತ್ತಿ ಹೋದ್ರು ಟೀಚರ್! ಐದನೇ ಮಹಡಿಗೆ!”

ಇಡೀ ಕ್ಲಾಸು ಬೆಂಚು ಕುಟ್ಟಿ ನಕ್ಕಿತು. ಆ ನಗೆ ಇಳಿಯುವ ಮೊದಲೇ ನಾನು ಕೈ ಎತ್ತಿದೆ. ಎತ್ತಿದ ಮೇಲೆ ಇಳಿಸಬೇಕು ಎನ್ನಿಸಿತು, ಅಷ್ಟರಲ್ಲಿ ಅವರು ನೋಡಿಬಿಟ್ಟಿದ್ದರು.

“ಹೇಳಿ ಅಮ್ಮಾ.”

“ನೆವರ್ ಮೈಂಡ್ ಅಂದ್ರೆ?” ಎಂದೆ. “ಎಂದಿಗೂ ಮನಸ್ಸಿಲ್ಲ ಅಂತ ತಾನೇ?”

“ಅಲ್ಲಲ್ಲ. ಅದನ್ನ ಒಂದೊಂದೇ ಪದ ಬಿಡಿಸಿ ನೋಡಬಾರದಮ್ಮ, ಎರಡೂ ಸೇರಿ ಒಂದೇ ಮಾತು. ಹೇಗೆ ಹೇಳೋದು... ಯಾರೋ ನಿಮ್ಮ ಕಾಲು ತುಳಿದು, ತಪ್ಪಾಯ್ತು ಅಂತಾರೆ. ನೀವೇನಂತೀರಿ?”

“ಕಣ್ಣು ಕಾಣ್ಸಲ್ವಾ ಅಂತೀನಿ” ಎಂದರು ಕಟಿಂಗ್ ಶಾಪಿನವರು.

“ನೀವಲ್ಲ, ಒಳ್ಳೆಯವರು ಏನಂತಾರೆ?”

“ಪರವಾಗಿಲ್ಲ ಅಂತಾರೆ” ಎಂದರು ಲಿಫ್ಟಿನವರು.

“ಹಾಂ, ಹತ್ತಿರ ಬಂತು. ಆದ್ರೆ ಪರವಾಗಿಲ್ಲ ಅನ್ನೋದು ಸ್ವಲ್ಪ ದೂರದವರಿಗೆ. ಮನೆಯವರಾದ್ರೆ, ತಪ್ಪು ಮಾಡಿದೋರು ಅಳ್ತಾ ನಿಂತಿದ್ರೆ...” ಟೀಚರು ಚಾಕ್‌ಪೀಸನ್ನು ಗಾಳಿಯಲ್ಲಿ ಆಡಿಸುತ್ತಾ ಹುಡುಕಿದರು. ಸಿಕ್ಕಿತು. ಮುಖ ಅರಳಿತು.

“ಹೋಗ್ಲಿ ಬಿಡು. ಅಷ್ಟೇ. ನೆವರ್ ಮೈಂಡ್ ಅಂದ್ರೆ ಹೋಗ್ಲಿ ಬಿಡು.”

ಅದು ಟೀಚರ ದನಿಯಲ್ಲಿ ಕೇಳಿಸಲಿಲ್ಲ ನನಗೆ. ಹಬೆಯ ಆಚೆಯಿಂದ, ಮೂರನೇ ಟೇಬಲ್ಲಿನಿಂದ ಕೇಳಿಸಿತು.

ಅತ್ತಿಗೆ ಅಂದಿದ್ದರು. ಡಾಕ್ಟರಮ್ಮ ನನ್ನ ಕಾಗದ ಓದಿ ಹೇಳಿದಾಗ, ಕೈಯಲ್ಲಿ ಯಾವುದೋ ಮಗುವಿನ ಕಾಲುಚೀಲ ಹಿಡಿದುಕೊಂಡು, “ಹೋಗ್ಲಿ ಬಿಡು” ಎಂದಿದ್ದರು. ಡಾಕ್ಟರಮ್ಮ ಅದನ್ನು ಸರಿಯಾಗಿಯೇ ಇಂಗ್ಲಿಷಿಗೆ ದಾಟಿಸಿದ್ದರು. ಅಂಚೆಯವರು ಸರಿಯಾಗಿಯೇ ತಂದುಕೊಟ್ಟಿದ್ದರು. ಮಾತು ಅಷ್ಟು ದೂರ ಬಂದು, ನಮ್ಮ ಹೊಸ್ತಿಲಲ್ಲಿ ಒಂದು ನಿಘಂಟಿಗೆ ಎಡವಿ ಬಿದ್ದಿತ್ತು. ನಾನು ಕಾದ ಒಂದೇ ಒಂದು ಮಾತು ಇಪ್ಪತ್ತೆರಡು ವರ್ಷದಿಂದ ನನ್ನ ಸೂಜಿದಾರದ ಡಬ್ಬಿಯಲ್ಲೇ ಇತ್ತು.

“ಅಮ್ಮಾ, ಏನಾಯ್ತು? ನೀರು ಬೇಕಾ?” ಟೀಚರು ಬಗ್ಗಿ ಕೇಳುತ್ತಿದ್ದರು.

“ಏನಿಲ್ಲ ಟೀಚರ್, ಚಾಕ್‌ಪುಡಿ” ಎಂದೆ. ಚಾಕ್‌ಪುಡಿ ಅವರ ಕೆನ್ನೆಯ ಮೇಲಿತ್ತು. ನಾನು ನಾಲ್ಕನೇ ಬೆಂಚಿನಲ್ಲಿದ್ದೆ.

ಮನೆಗೆ ಬಂದವಳೇ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದೆ. ಬಟನ್ನುಗಳು ನೆಲದ ತುಂಬ ಓಡಿದವು. ಕಾರ್ಡು ಹಳದಿಯಾಗಿತ್ತು, ಅಂಚು ಮೆತ್ತಗಾಗಿತ್ತು. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದಿದೆ. ಮೊದಲ ಸಲ ನಾನೇ ಓದಿದೆ. ಎದೆಯ ಮೇಲಿಂದ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಎತ್ತಿದ ಹಾಗಾಯಿತು. ಕಳೆದುಹೋದ ವರ್ಷಗಳ ಸಂಕಟ ಇರಲಿಲ್ಲವೇ ಎಂದರೆ ಇತ್ತು. ಆದರೆ ಅದು ಹಿಂದೆ ನಿಂತಿತ್ತು, ಸರದಿಯಲ್ಲಿ. ಮುಂದೆ ಇದ್ದದ್ದು ಬರೀ ಉಸಿರು. ಮಗಳು ಬರುವ ಹೊತ್ತಿಗೆ ನಾನು ಎಷ್ಟೋ ದಿನದ ಮೇಲೆ ಗಾಢ ನಿದ್ದೆಯಲ್ಲಿದ್ದೆ.

ಬೆಳಿಗ್ಗೆ ಕಾಫಿ ಲೋಟದ ಪಕ್ಕ ಕಾರ್ಡು ಇಟ್ಟೆ. ಅವಳು ಅರೆ ಕಣ್ಣಿನಲ್ಲೇ ಓದಿದಳು.

“ಯಾರದಿದು? ‘ಹೋಗ್ಲಿ ಬಿಡು ಅಂತಾರೆ, ಮಕ್ಕಳನ್ನ ನೋಡ್ಕೋತಿದಾರೆ.’ ಏನಮ್ಮಾ ಇದು?”

ಅವಳು ಓದಲು ತೆಗೆದುಕೊಂಡದ್ದು ಎರಡು ಗುಟುಕು ಕಾಫಿಯಷ್ಟು ಹೊತ್ತು.

ಹೇಳಿದೆ. ಕೋಟು, ದೋಣಿಯ ಗುರುತು, ಸ್ಟ್ಯಾಂಡು, ನಂದೇ ಅಂದದ್ದು, ಎಲ್ಲಾ. ಹೇಳುವಾಗ ಅವಳ ಮುಖ ನೋಡಲಿಲ್ಲ, ನೆಲದ ಮೇಲಿನ ಬಟನ್ನು ಹೆಕ್ಕುತ್ತಾ ಹೇಳಿದೆ.

“ನಂಗೆ ಜ್ವರ ಬಂದ ದಿನಾನಾ?”

“ಜ್ವರ ಬಂದಿದ್ದು ನಿಂಗೆ. ಇಸ್ತ್ರಿಪೆಟ್ಟಿಗೆ ಬಿಟ್ಟು ಹೋಗಿದ್ದು ನಾನು. ಅದನ್ನ ಇದಕ್ಕೆ ಗಂಟು ಹಾಕ್ಬೇಡ.”

“ಆ ವಾರ ಅತ್ತೆ ನಂಗೆ ದಿನಾ ಎರಡು ಜಡೆ ಹಾಕಿದ್ರು” ಎಂದಳು. ಆಮೇಲೆ ಸಿಟ್ಟು ಬಂತು. ಬರಬೇಕಾದದ್ದೇ. “ಇಪ್ಪತ್ತೆರಡು ವರ್ಷ ಅಮ್ಮಾ! ಇಂಗ್ಲಿಷ್ ಓದೋ ಮಗಳನ್ನ ಮನೇಲಿ ಇಟ್ಕೊಂಡು! ಒಂದು ಸಲ ತೋರಿಸಿದ್ರೆ ನಿಂತ ಕಾಲಲ್ಲಿ ಓದಿ ಹೇಳ್ತಿದ್ನಲ್ಲ!”

“ತೋರಿಸಿದ್ರೆ ಯಾಕೆ ಅಂತ ಕೇಳ್ತಿದ್ದೆ.”

“ಕೇಳ್ತಿದ್ದೆ.”

“ಅದಕ್ಕೇ.”

ಅವಳು ಲೋಟ ಎತ್ತಿಕೊಂಡು ಹೋಗಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನನ್ನ ಮಗಳೇ, ಅನುಮಾನವಿಲ್ಲ.

“ಹೋಗ್ಲಿ ಬಿಡು ಅಂತ ನೀನೂ ಅನ್ನೇ” ಎಂದೆ ಮೆಲ್ಲಗೆ.

“ನಾನ್ಯಾಕೆ ಅನ್ಲಿ? ಅತ್ತೆ ಮಾತು ಅದು. ಅವರೇ ಬಂದು ಎದುರಿಗೆ ಅನ್ಲಿ.” ಸೆರಗಿನಲ್ಲಿ ಕೈ ಒರೆಸಿಕೊಂಡಳು, ನನ್ನ ಸೆರಗಿನಲ್ಲಿ. “ಮೊದ್ಲು ಕಾಗದ ಬರಿ. ಇವತ್ತೇ.”

ಇವತ್ತೇ ಎಂದರೆ ಆಗುತ್ತದೆಯೇ? ನಾಲ್ಕು ದಿನ ಹಿಡಿಯಿತು. ಇಂಗ್ಲಿಷಿನಲ್ಲಿ ಬರೆಯುವುದೆಂದು ಕೂತೆ, ಓದುವವರು ಡಾಕ್ಟರಮ್ಮನೇ ತಾನೆ. ಹೊಸದಾಗಿ ಕಲಿತದ್ದನ್ನು ಬಳಸುವ ಆಸೆಗೆ, ನಾನು ಬಂದು ನಿಮ್ಮನ್ನು ಕರೆದುಕೊಂಡು ಹೋದರೆ ಬೇಜಾರಿಲ್ಲ ತಾನೆ ಎಂದು ಕೇಳುವ ಹಾಗೆ, ಡೂ ಯೂ ಮೈಂಡ್ ಎಂದು ಚೆಂದವಾಗಿ ಶುರುಮಾಡಿದೆ. ಮಗಳಿಗೆ ತೋರಿಸಿದೆ. ಅವಳು ಭೇಷ್ ಎಂದಳು. ಅರ್ಧ ಗಂಟೆಯಾದ ಮೇಲೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಕೂತುಬಿಟ್ಟೆ.

“ಏನಾಯ್ತಮ್ಮಾ, ಕೈ ಕುಯ್ಕೊಂಡ್ಯಾ?”

“ಅತ್ತಿಗೆ ‘ಹೂಂ, ಬಾ’ ಅಂತಾರೆ ಅಂತಿಟ್ಕೊ. ಡಾಕ್ಟರಮ್ಮ ಯೆಸ್ ಅಂತ ಬರೀತಾರೆ. ಯೆಸ್ ಅಂದ್ರೆ ಬರಬೇಡ ಅಂತ ಆಗುತ್ತಲ್ಲೇ! ಇನ್ನೂ ಇಪ್ಪತ್ತೆರಡು ವರ್ಷ ಕಾಯಕ್ಕೆ ನಂಗಾಗಲ್ಲಪ್ಪ.”

ಮಗಳು ನಗುತ್ತಾ ಗೋಡೆಗೆ ಒರಗಿದಳು. ಆ ಕಾಗದ ಹರಿದೆ. ಎರಡನೆಯದನ್ನೂ ಹರಿದೆ, ಅದರಲ್ಲಿ ಸಾರಿ ಎಂಬ ಪದ ಏಳು ಸಲ ಬಂದಿತ್ತು, ಓದಿದರೆ ಸೀರೆ ಅಂಗಡಿಯ ಪಟ್ಟಿಯ ಹಾಗೆ ಕೇಳಿಸುತ್ತಿತ್ತು. ಮೂರನೆಯದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಇತ್ತು, ಆದರೆ ಅದು ನನ್ನ ಮಾತಾಗಿರಲಿಲ್ಲ. ಮತ್ತೆ ಯಾರೋ ಮಧ್ಯೆ ನಿಂತು ದಾಟಿಸಬೇಕು. ಒಂದು ಸಲ ದಾಟಿಸಿದ್ದೇ ಸಾಕಾಗಿತ್ತು ನನಗೆ.

ಅಷ್ಟರಲ್ಲಿ ಮಗಳ ಮೊಬೈಲು ಕೂಗಿತು. ಅವಳ ಗೆಳತಿಯ ಸಂದೇಶ. “ಬಸ್ ಸಿಕ್ತು, ಬೇಗ ಬಾ” ಎಂದಿತ್ತು. ಮಾತು ನಮ್ಮದು, ಅಕ್ಷರ ಇಂಗ್ಲಿಷಿನದು.

“ಇದನ್ನ ನಮ್ಮ ಮಾತು ಬರದೋರು ಓದಿದ್ರೂ ಬಾಯಲ್ಲಿ ಇದೇ ಬರುತ್ತಾ?” ಎಂದು ಕೇಳಿದೆ.

“ಬರುತ್ತೆ. ಅರ್ಥ ಆಗ್ದೇ ಇದ್ರೂ ಓದಬಹುದು. ಯಾಕೆ?”

ಹೇಳಲಿಲ್ಲ. ಕೂತು ಬರೆದೆ. ನಮ್ಮ ಮಾತನ್ನೇ, ಇಂಗ್ಲಿಷ್ ಅಕ್ಷರದಲ್ಲಿ, ಮೇಲ್ಗಡೆ ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲೇ ಒಂದು ಸಾಲು: ದಯವಿಟ್ಟು ಇದನ್ನು ಜೋರಾಗಿ ಓದಿ, ಅರ್ಥ ಅವರಿಗೆ ಆಗುತ್ತದೆ.

“ಅತ್ತಿಗೆ, ನಾನು ಗುಬ್ಬಿ. ಇದನ್ನ ನಾನೇ ನನ್ನ ಕೈಯಾರೆ ಬರೀತಿದೀನಿ. ಕೋಟು ಸುಟ್ಟಿದ್ದು ನಾನು. ನಿಮ್ಮ ಸ್ಟ್ಯಾಂಡಿಗೆ ಹಾಕಿದ್ದೂ ನಾನು. ಹೆದರಿ ಹಾಕಿದೆ. ನೀವು ಹೋಗ್ಲಿ ಬಿಡು ಅಂದಿದ್ದು ನನಗೆ ಮೊನ್ನೆ ಕೇಳಿಸ್ತು. ಕಿಟಕಿ ಪಕ್ಕದ ಮಂಚ ಹಾಗೇ ಇದೆ, ಯಾರೂ ಮಲಗಿಲ್ಲ. ಈ ತಿಂಗಳ ಕೊನೇ ಭಾನುವಾರ ನಾನೂ ಮಗಳೂ ಬರ್ತೀವಿ. ಬರೋ ಹಾಗಿದ್ರೆ ಗಂಟು ಕಟ್ಟಿ ಗೇಟಲ್ಲಿ ಕೂತಿರಿ. ಇಲ್ಲದಿದ್ರೆ ಬೈಯೋಕಾದ್ರೂ ಕೂತಿರಿ. ಬೂಟು ಒರೆಸ್ಕೊಂಡೇ ಒಳಗೆ ಬರ್ತೀವಿ.”

ಮಗಳು ಓದಿ ಹೊಟ್ಟೆ ಹಿಡಿದುಕೊಂಡಳು. ಗಂಭೀರವಾಗಿ ಕನ್ನಡಕ ಹಾಕಿಕೊಂಡ ಡಾಕ್ಟರಮ್ಮನೊಬ್ಬರು “ಆಟಿಗೇ, ನಾನೂ ಗೂಬೀ” ಎಂದು ಓದುವುದನ್ನು ಅನುಕರಿಸಿ ತೋರಿಸಿದಳು. “ಗುಬ್ಬಿ ಹೋಗಿ ಗೂಬೆ ಆಗ್ತೀಯಾ ನೋಡ್ಕೊ!”

“ಆಗ್ಲಿ. ಅತ್ತಿಗೆಗೆ ಗೊತ್ತಾಗುತ್ತೆ.”

ಬರೆದದ್ದು ಬುಧವಾರ. ಗುರುವಾರ ಮಗಳನ್ನು ಕೆಲಸಕ್ಕೆ ಕಳಿಸಿ, ಸೀರೆಯನ್ನು ನಾನೇ ಇಸ್ತ್ರಿ ಮಾಡಿ ಉಟ್ಟುಕೊಂಡು ಅಂಚೆಕಚೇರಿಗೆ ಹೋದೆ. ಕಾರ್ಡನ್ನೂ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ, ವಿಳಾಸ ತಪ್ಪಬಾರದಲ್ಲ. ನಿಂತು ಒಂದೊಂದೇ ಅಕ್ಷರ ಹೋಲಿಸಿ ಲಕೋಟೆಯ ಮೇಲೆ ಬರೆದೆ. ಹಿಂದೆ ಸರದಿಯಲ್ಲಿದ್ದವರು ಕೆಮ್ಮಿದರು. ಕೆಮ್ಮಲಿ.

ಡಿಕ್ಷನರಿಯವರು ನೆನಪಾದರು. ಪಾಪ, ಅವರು ತಮಗೆ ಗೊತ್ತಿದ್ದಷ್ಟನ್ನು ಶ್ರದ್ಧೆಯಿಂದ ಹುಡುಕಿ ಹೇಳಿದರು. ನನ್ನ ಮುಖ ನೋಡಿ ಅವತ್ತು ಅವರು ಊಟ ಮಾಡಲಿಲ್ಲ. ಹೋಗಲಿ ಬಿಡಿ ಎಂದೆ ಮನಸ್ಸಿನಲ್ಲೇ, ಬಹುವಚನದಲ್ಲಿ.

“ಸಾಧಾರಣ ಕಳಿಸೋದಾ, ಅರ್ಜೆಂಟಾ ಅಮ್ಮ?” ಎಂದು ಕೌಂಟರಿನ ಹೆಣ್ಣುಮಗಳು ಕೇಳಿದಳು.

“ಸಾಧಾರಣವೇ ಸಾಕಮ್ಮ. ಇಪ್ಪತ್ತೆರಡು ವರ್ಷ ತಡ ಆಗಿದೆ, ಇನ್ನೆರಡು ದಿನದಲ್ಲಿ ಏನು ಮಹಾ.”

ಅವಳು ಸೀಲು ಎತ್ತಿದಳು. ಅತ್ತಿಗೆ ಗೇಟಿನ ಹತ್ತಿರ ಕೂತಿರುವುದು ಕಣ್ಣಿಗೆ ಕಟ್ಟಿತು, ಮಂಡಿ ನೀವಿಕೊಳ್ಳುತ್ತಾ.

“ಬೇಡ ಬೇಡ, ತಾಳಮ್ಮಾ!” ಎಂದೆ. “ಅರ್ಜೆಂಟೇ.”

ಅವಳು ನಕ್ಕು ಇನ್ನೊಂದು ಸೀಲು ತೆಗೆದುಕೊಂಡಳು. ಧಡ್ ಎಂದು ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು.